ಒಡೆದ ಗಾಜಿನ ಮೇಲಿನ ವಿಭೂತಿ

ಕೆಲಸದ ಮೇಲೆ ಗುಂಡ್ಲುಪೇಟೆಗೆ ಹೋದಾಗ ಫೋನು ಕೈಜಾರಿ ಬಿದ್ದು, ಹಿಂದಿನ ಗಾಜು ಒಡೆಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯವನು ಅದರ ಕವರ್ ತೆಗೆದು, ನನ್ನ ಮುಖ ನೋಡಿದ. ಬಿರುಕುಗಳ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು.

ಅದು ಅವ್ವನ ಕೆಲಸ. ಆಯುಧಪೂಜೆ ದಿನ ಸ್ಕೂಟರಿಗೆ ಹಚ್ಚಿ ಉಳಿದದ್ದನ್ನು ನನ್ನ ಹೊಸ ಫೋನಿಗೂ ಎಳೆದಿದ್ದಳು. "ಇದಕ್ಕೆಲ್ಲಾ ಯಾಕವ್ವ?" ಅಂತ ರೇಗಿದ್ದೆ. "ದಿನಾ ಅನ್ನ ಕೊಡೋದು ಇದೇ ತಾನೆ, ಸುಮ್ಕಿರ್ಲಾ" ಅಂದಿದ್ದಳು. ಒರೆಸಲು ಸೋಮಾರಿತನವಾಗಿ ಮೇಲೆ ಕವರ್ ಹಾಕಿಬಿಟ್ಟಿದ್ದೆ. ಮುಂದಿನ ಹಬ್ಬಕ್ಕೆ ಅವಳಿರಲಿಲ್ಲ.

ಅಂಗಡಿಯವನು ಫೋನಿನ ಬೆನ್ನನ್ನು ಬಿಸಿ ಮಾಡಿದ. ಅಂಟು ಸಡಿಲವಾಗಿ, ಒಡೆದ ಗಾಜು ಚೂರುಗಳ ಸಮೇತ ಒಂದೇ ಹಾಳೆಯಂತೆ ಎದ್ದು ಬಂತು. ಹೊಸದನ್ನು ಕೂರಿಸಿದ.

"ಹಳೇದನ್ನ ಬಿಸಾಕಿ" ಅಂದೆ, ಬೇರೆ ಕಡೆ ನೋಡುತ್ತಾ.

"ಇಬೂತಿ ಇಕ್ಕಿರೋದ್ನ ಕಸಕ್ಕೆ ಆಕ್ಬಾರ್ದು ಸಾ. ನನ್ ಕೈಲಾಗಲ್ಲ, ನೀವೇ ಎತ್ಕೊಂಡೋಗ್ಬುಡಿ" ಅಂತ ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

ಈಗ ಅದು ನಮ್ಮ ದೇವರ ಮನೆಯಲ್ಲಿದೆ. ಫೋನಿಗೆ ಪೂಜೆ ಯಾಕೆ ಅಂದವನೇ ದಿನಾ ಅದಕ್ಕೆ ಗಂಧದಕಡ್ಡಿ ಬೆಳಗುತ್ತೇನೆ. ಮೂರು ಗೆರೆ, ಮೂರು ಕ್ಯಾಮೆರಾ ತೂತು ಇರುವ ದೇವರು ಬೇರೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ.