ಬಟ್ಟಲಲ್ಲಿ ಉಳಿದಿದ್ದನ್ನು ಕೆನ್ನೆಗೆ ಹಚ್ಚಿಕೊಂಡೆ

ಕೊನೆಯ ಕಸ್ಟಮರ್ ಮೆಟ್ಟಿಲಿಳಿದ ಕೂಡಲೇ, ಬಟ್ಟಲಲ್ಲಿ ಉಳಿದಿದ್ದ ಪೀಲ್‌ಗೆ ಹತ್ತಿ ಅದ್ದಿ ನನ್ನ ಎಡಗೆನ್ನೆಗೆ ಒತ್ತಿಕೊಂಡೆ.

ನಾನು ಬಸವೇಶ್ವರನಗರದ ಒಂದು ಪಾರ್ಲರ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಇದೊಂದು ರೂಢಿ. ಪ್ಯಾಕ್, ಬ್ಲೀಚ್, ಮುಖದ ಸಿಪ್ಪೆ ಸುಲಿಯುವ ಪೀಲ್, ಏನೇ ಉಳಿದರೂ ಚೆಲ್ಲುವುದಿಲ್ಲ. ಸಂಜೆ ಬಾಗಿಲು ಹಾಕುವ ಮುಂಚೆ ಹುಡುಗಿಯರೇ ಹಂಚಿಕೊಳ್ಳುತ್ತೇವೆ. ಮದುವೆ ಊಟದಲ್ಲಿ ಬಡಿಸಿದವರು ಕೊನೆಗೆ ಕೂರುತ್ತಾರಲ್ಲ, ಹಾಗೆ.

ಅದಕ್ಕೂ ಒಂದು ತಿಂಗಳ ಹಿಂದೆ ಹೇರ್ ಸ್ಟ್ರೈಟ್ನರ್ ತಗುಲಿ ಕೆನ್ನೆ ಸುಟ್ಟಿತ್ತು. ಗಾಯ ಒಣಗಿ, ಹೆಬ್ಬೆರಳಗಲದ ಕಲೆ ಉಳಿದಿತ್ತು.

ನಾನು ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಅಂತೆಲ್ಲ ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಕಪ್ಪು ಚರ್ಮದ ಮೇಲೆ ಕಲೆ ಅಷ್ಟಾಗಿ ಕಾಣುವುದಿಲ್ಲ ಅಂದುಕೊಂಡಿದ್ದೆ. ಕಾಣುತ್ತದೆ. ನನ್ನ ಬಣ್ಣಕ್ಕಿಂತ ಇನ್ನೂ ಕಪ್ಪಾಗಿ ಕಾಣುತ್ತದೆ.

"ಉರೀತಾ ಇದೆ ಕಣೇ," ಅಂದೆ.

ಜೊತೆಗೆ ಕೆಲಸ ಮಾಡುವ ರೂಪಾ ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕಳು. "ಉರಿದ್ರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ. ತಡ್ಕೋ. ದೀಪಾವಳಿಗೆ ನಿನ್ನ ಹೀರೋ ಬರೋಷ್ಟ್ರಲ್ಲಿ ಮೈದಾಹಿಟ್ಟು ಆಗೋಗಿರ್ತೀಯ."

ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವಳು, ಅದಕ್ಕೇ ಹೀಗೆ ಮಾಡಿದೆ ಅನ್ನಬೇಡಿ. ಹಚ್ಚು ಅಂದ ರೂಪಾ ಬಿ.ಕಾಂ. ಓದಿದವಳು.

ಹೀರೋ ಅಂದರೆ ಮಂಜು. ಐಟಿಐ ಮುಗಿಸಿ ಬಳ್ಳಾರಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದಾನೆ. ಹೋಗಿ ಏಳು ತಿಂಗಳಾಯಿತು.

ಇಲ್ಲಿದ್ದಾಗ ಭಾನುವಾರ ಇಬ್ಬರೂ ಕೆಂಗೇರಿ ಉಪನಗರದಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ಕೂರುತ್ತಿದ್ದೆವು. ಅವನು ಯಾವಾಗಲೂ ನನ್ನ ಎಡಕ್ಕೇ. ಮಾತು ಕಮ್ಮಿ. ಸುಮ್ಮನೆ ನೋಡುತ್ತಿದ್ದ... ನನ್ನನ್ನು ಹಾಗೆ ಬೇರೆ ಯಾರೂ ನೋಡಿರಲಿಲ್ಲ.

ಆ ನೋಟ ನನಗೆ ಮತ್ತೆ ಬೇಕಿತ್ತು. ಇದ್ದದ್ದು ಇದ್ದ ಹಾಗೇ.

ಅದಕ್ಕೇ ಸುಟ್ಟ ಸಂಗತಿ ಅವನಿಗೆ ಹೇಳಲಿಲ್ಲ. ಬಲಗಡೆಯಿಂದ ಮಾತ್ರ ಫೋಟೋ ಕಳಿಸಿದೆ, ಅದಕ್ಕೂ ಫಿಲ್ಟರ್ ಹಾಕಿ. ವಿಡಿಯೋ ಕಾಲ್ ಬಂದರೆ ನೆಟ್‌ವರ್ಕ್ ಇಲ್ಲ ಅಂದೆ.

ಅನಿಸಿದ್ದನ್ನು ಮುಖಕ್ಕೆ ಹೇಳಿ ಮೂರು ಕೆಲಸ ಕಳೆದುಕೊಂಡವಳು ನಾನು. ಅವನ ಹತ್ತಿರ ಮಾತ್ರ ಸುಳ್ಳು ಹೇಳಿದೆ.

ಎರಡು ವಾರ ದಿನಾ ಹಚ್ಚಿದೆ. ಸಿಪ್ಪೆ ಎದ್ದಿತು, ನೀರು ಸೋಕಿದರೂ ಉರಿಯಿತು, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೆಬ್ಬೆರಳಗಲ ಇದ್ದದ್ದು ಅರ್ಧ ಅಂಗೈಯಷ್ಟಾಯಿತು.

ಬಸ್ಸಿನಲ್ಲಿ ಪಕ್ಕ ಕೂತಿದ್ದ ಆಂಟಿಯೊಬ್ಬರು ಕೇಳಿಯೇಬಿಟ್ಟರು. "ಯಾರಮ್ಮ ಹೊಡೆದಿದ್ದು? ಗಂಡನಾ?"

"ಇಲ್ಲ ಆಂಟಿ, ನಾನೇ," ಅಂದೆ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಮರುದಿನ ಕೆಲಸಕ್ಕೆ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆ. ಡಾಕ್ಟರಮ್ಮನೂ ನನ್ನಷ್ಟೇ ಕಪ್ಪು. ಅವರನ್ನು ನೋಡಿಯೇ ಅರ್ಧ ಧೈರ್ಯ ಬಂತು. ಒಂದೂ ಬಿಡದೆ ಹೇಳಿದೆ.

"ಇನ್ನೊಬ್ರ ಮುಖಕ್ಕೆ ಅಂತ ತೆಗೆದಿದ್ದನ್ನ, ಆಗಷ್ಟೇ ಸುಟ್ಟು ವಾಸಿಯಾಗಿರೋ ಜಾಗಕ್ಕೆ? ದಿನಾ?" ಅಂದರು. ಆಮೇಲೆ ಬೈಯಲಿಲ್ಲ. "ನಮ್ಮಂಥವರ ಚರ್ಮಕ್ಕೆ ಕೋಪ ಜಾಸ್ತಿ ಕಣಮ್ಮ. ಕೆರಳಿಸಿದಷ್ಟೂ ಕಪ್ಪಾಗುತ್ತೆ. ಉಜ್ಜೋದು, ಸುಲಿಯೋದು, ನಿಂಬೆಹಣ್ಣು, ಕೇಳಿದ ತಕ್ಷಣ ಅಂಗಡೀಲಿ ಕೊಡೋ ಬೆಳ್ಳಗಾಗೋ ಕ್ರೀಮು... ಎಲ್ಲಾ ಬಂದ್."

"ಲೇಸರ್ ಮಾಡಿಸಿದ್ರೆ ಬೇಗ ಹೋಗಲ್ವಾ ಮೇಡಂ?"

"ಈಗ ಬೇಡವೇ ಬೇಡ. ನಮ್ಮ ಬಣ್ಣದ ಬಗ್ಗೆ ಗೊತ್ತಿಲ್ಲದವರು ಲೇಸರ್ ಬಿಟ್ರೆ ಅದೇ ಇನ್ನೊಂದು ಸುಟ್ಟ ಕಲೆ ಆಗುತ್ತೆ."

ಕೊಟ್ಟದ್ದು ಬಹಳ ಕಡಿಮೆ. ವಾಸನೆ ಇಲ್ಲದ ಒಂದು ಮಾಯಿಶ್ಚರೈಸರ್. ಮೋಡ ಇದ್ದರೂ ಬಿಡದೆ ಹಚ್ಚಬೇಕಾದ ಸನ್‌ಸ್ಕ್ರೀನ್, ಅದೂ ಮೈಬಣ್ಣದ್ದು, ಸುಣ್ಣ ಹೊಡೆದ ಗೋಡೆ ಆಗದ ಹಾಗೆ. ಉರಿ ಪೂರ್ತಿ ನಿಂತ ಮೇಲೆ ಒಂದು ಕ್ರೀಮು, ಅದನ್ನೂ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಕೆಲವು ದಿನ ನೋಡಿ.

"ದೀಪಾವಳಿಗೆ ಹೋಗುತ್ತಾ ಮೇಡಂ?"

"ಯಾವ ವರ್ಷದ ದೀಪಾವಳಿ?" ನಕ್ಕರು. ನಾನು ನಗದೆ ಇದ್ದದ್ದನ್ನು ನೋಡಿ ದನಿ ತಗ್ಗಿಸಿದರು. "ತಿಂಗಳುಗಟ್ಟಲೆ ಆಗುತ್ತಮ್ಮ. ತಿಳಿಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ."

ಆಮೇಲೆ ನನ್ನ ಫೋನ್ ಕೇಳಿ ತೆಗೆದುಕೊಂಡರು. ಮುಂದಿನ ಸಲ ಬಂದಾಗ ಹೋಲಿಸಿ ನೋಡಲು ಒಂದು ಫೋಟೋ ಬೇಕಂತೆ.

"ಕಿಟಕಿ ಕಡೆ ತಿರುಗು. ಕೂದಲು ಹಿಂದೆ ಹಾಕು. ಫಿಲ್ಟರ್ ಗಿಲ್ಟರ್ ಏನೂ ಇಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಆ ಫೋಟೋ ನೋಡಿದೆ. ತುಂಬಾ ಹೊತ್ತು ನೋಡಿದೆ. ಸುಟ್ಟ ಮೇಲೆ ನನ್ನ ಎಡಗೆನ್ನೆಯದು ಅದೊಂದೇ ಫೋಟೋ.

ಹಬ್ಬಕ್ಕೆ ಇನ್ನು ಮೂರು ವಾರ. ಎದುರಿಗೆ ಬಂದು ನಿಂತಾಗ ಅವನಿಗೆ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಸರಿ ಅನಿಸಿತು. ಮಂಜುಗೆ ಕಳಿಸಿದೆ. ಸುಟ್ಟದ್ದು, ಪೀಲ್, ನೆಟ್‌ವರ್ಕ್ ಸುಳ್ಳು, ಎಲ್ಲ ಬರೆದೆ.

ನೀಲಿ ಟಿಕ್ ಬಂತು. ಟೈಪಿಂಗ್... ನಿಂತಿತು. ಮತ್ತೆ ಟೈಪಿಂಗ್...

"ಇಷ್ಟು ದಿನ ಅರ್ಧ ಮುಖದ ಜೊತೆ ಮಾತಾಡಿಸಿದ್ಯಲ್ಲೇ ನನ್ನ," ಅಂತ ಬಂತು.

ಕಲೆಯ ಬಗ್ಗೆ ಒಂದಕ್ಷರ ಇಲ್ಲ. ಅವನಿಗೆ ಕೋಪ ಬಂದದ್ದು ಕಲೆಗಲ್ಲ, ಬಚ್ಚಿಟ್ಟಿದ್ದಕ್ಕೆ. ಕಲೆ ನೋಡಿದರೆ ಬಿಟ್ಟುಹೋಗುತ್ತಾನೆ ಅಂತ ನಾನು ಅಂದುಕೊಂಡೆನಲ್ಲ, ಅದಕ್ಕೆ. ಸಾರಿ ಅಂತ ನಾಲ್ಕು ಸಲ ಬರೆದೆ. ಎಲ್ಲ ನೋಡಿದ್ದಾನೆ. ಉತ್ತರ ಇಲ್ಲ.

ಇವತ್ತಿಗೆ ಆರು ದಿನ.

ಉರಿ ನಿಂತಿದೆ. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ, ಸಂಜೆ ಬಟ್ಟಲಲ್ಲಿ ಉಳಿದದ್ದನ್ನು ಸಿಂಕಿಗೆ ಚೆಲ್ಲುತ್ತೇನೆ, ರೂಪಾ ಗೊಣಗುತ್ತಾಳೆ. ಫೋನ್ ಸದ್ದಾದಾಗಲೆಲ್ಲ ಕೈ ಒರೆಸಿಕೊಂಡು ಓಡುತ್ತೇನೆ... ಯಾರೋ ಕಸ್ಟಮರ್ ಮಾಡಿರುತ್ತಾರೆ.

ಕಲೆ ತಿಳಿಯಾಗಲು ತಿಂಗಳುಗಳು ಬೇಕು ಅಂತ ಡಾಕ್ಟರ್ ಹೇಳಿದ್ದಾರೆ, ಕಾಯುತ್ತೇನೆ. ಅವನ ಫೋನಿಗೆ ಇನ್ನೆಷ್ಟು ದಿನ ಅಂತ ಯಾರನ್ನು ಕೇಳಲಿ?