ಫೋನು ತುಂಬಿದ ದೇವರು, ಹತ್ತೊಂಬತ್ತು ಜನರ ಹಾಜರಿ

ಪಾಪಿನಾಯಕನಹಳ್ಳಿಯ ದುರ್ಗಕ್ಕನಿಗೆ ಊರಲ್ಲಿ ಎರಡು ಹೆಸರು. ಎದುರಿಗೆ ‘ಮೇಟ್ ಅಕ್ಕಾರು’, ಬೆನ್ನ ಹಿಂದೆ ‘ಬಾಯಿಬಡಕಿ’. ಎರಡೂ ಸುಳ್ಳಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಹತ್ತೊಂಬತ್ತು ಹೆಂಗಸರ ಗುಂಪಿಗೆ ಅವಳೇ ಮೇಟ್, ಅಂದರೆ ಮುಂದಾಳು. ಕೆರೆಯ ಹೂಳು ಎತ್ತಿಸುವುದು, ಅಳತೆ ಹಾಕಿಸುವುದು, ಯಾರಾದರೂ ಕೊಂಕು ತೆಗೆದರೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುವುದು ಎಲ್ಲ ಅವಳದೇ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಆದರೆ ಇಂಜಿನಿಯರು ಟೇಪು ಬಿಚ್ಚುವುದರೊಳಗೆ ಗುಂಡಿಯ ಉದ್ದಗಲ ಕಣ್ಣಳತೆಯಲ್ಲೇ ಹೇಳಿಬಿಡುತ್ತಾಳೆ, ಅದು ತಪ್ಪುವುದೂ ಅಪರೂಪ.

ಇಂಥ ಗಟ್ಟಿಗಿತ್ತಿ ಹೆದರುವುದು ತನ್ನ ಫೋನಿಗೆ ಮಾತ್ರ. ಬೆಳಿಗ್ಗೆ ಹನ್ನೊಂದರೊಳಗೆ ಗುಂಪಿನ ಫೋಟೊ ಹಿಡಿದು ಹಾಜರಿ ಆ್ಯಪ್‌ನಲ್ಲಿ ಕಳಿಸಬೇಕು. ಹೋಗದಿದ್ದರೆ ಅವತ್ತು ಕೂಲಿ ಇಲ್ಲ, ಮಣ್ಣು ಹೊತ್ತದ್ದೂ ಒಂದೇ, ಮನೆಯಲ್ಲಿ ಮಲಗಿದ್ದೂ ಒಂದೇ. ಅದೂ ಅವಳ ಹೆಸರಿಗೆ ನೋಂದಾಯಿಸಿದ ಫೋನಿನಿಂದಲೇ ಹೋಗಬೇಕು, ಬೇರೆಯವರದು ನಡೆಯುವುದಿಲ್ಲ.

ಮೊನ್ನೆ ಬುಧವಾರ ಹತ್ತೂಕಾಲಿಗೆ ಒತ್ತಿದರೆ ಫೋಟೊ ಹೋಗಲಿಲ್ಲ. ಬಿಳಿ ಉಂಗುರವೊಂದು ಗರಗರ ತಿರುಗಿತು, ನಿಂತಿತು. ‘ಸಿಗ್ನಲ್ ಇಲ್ಲ ಕಾಣತೈತಿ’ ಎಂದು ದುರ್ಗಕ್ಕ ಕೆರೆ ಏರಿ ಹತ್ತಿ, ಬಸ್ಸಿಗೆ ಕೈ ಮಾಡುವವಳಂತೆ ಫೋನು ಎತ್ತಿ ಹಿಡಿದು ನಿಂತಳು. ಹೋಗಲಿಲ್ಲ. ನೆಟ್ಟು ಆಫ್ ಮಾಡಿ ಆನ್ ಮಾಡಿದಳು. ಫೋನನ್ನೇ ಆರಿಸಿ ಹೊತ್ತಿಸಿದಳು. ಸೆರಗಿನ ಪಿನ್ನು ತೆಗೆದು ಸಿಮ್ಮು ಹೊರಗೆಳೆದು, ಉಫ್ ಎಂದು ಊದಿ, ಒರೆಸಿ ಹಾಕಿದಳು. ಊಹೂಂ.

‘ಎರಡು ಬಡಿಯವ್ವಾ,’ ಎಂದಳು ಮುದುಕಮ್ಮ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ‘ನಮ್ಮನಿ ರೇಡಿಯೋ ಹಂಗ ಬಡದ್ರ ಹಾಡತಿತ್ತು.’

‘ನೀ ಸುಮ್ನ ಕುಂದ್ರು,’ ಎಂದು ದುರ್ಗಕ್ಕ ಗದರಿದಳು. ಆ ಮುದುಕಿ ಮಂಡಿಗೆ ಬಟ್ಟೆ ಬಿಗಿದುಕೊಂಡು ಬೆಳಗಿನಿಂದ ಮೂವತ್ತು ಬುಟ್ಟಿ ಮಣ್ಣು ಹೊತ್ತಿದ್ದಳು. ಅದು ನೀರಲ್ಲಿ ಹೋಮವಾದರೆ ಯಾವ ಮುಖ ಇಟ್ಟುಕೊಂಡು ಅವಳೆದುರು ನಿಲ್ಲುವುದು?

ಕಳೆದ ವರ್ಷ ಊರಿಗೆ ಸೊಸೆಯಾಗಿ ಬಂದ ಗಾಯತ್ರಿ ಬಿ.ಎ. ಓದಿದವಳು. ಮಣ್ಣುಗೈ ತೊಳೆದುಕೊಂಡು ಬಂದು ಫೋನು ಇಸಕೊಂಡಳು.

‘ಅಕ್ಕಾರ, ಸಿಗ್ನಲ್ ಮಸ್ತ್ ಐತ್ರಿ. ಫೋನು ತುಂಬೈತಿ. ಇನ್ನೊಂದು ಫೋಟೊ ಹಿಡಸಾಕೂ ಜಾಗ ಇಲ್ಲ.’

‘ಏನ್ ತುಂಬೈತಿ? ನಾ ಏನೂ ಇಟ್ಟಿಲ್ಲಲ್ಲ!’

‘ದೇವ್ರು ತುಂಬ್ಯಾನ್ರಿ.’

ನಿಜವೇ. ದೋಣಿಮಲೈ ಗಣಿಯಲ್ಲಿ ಸ್ಟಾಫ್ ಬಸ್ ಓಡಿಸುವ ಅಣ್ಣ ಹುಲುಗಪ್ಪ ಮೂರು ವರ್ಷದಿಂದ ದಿನಾ ಬೆಳಿಗ್ಗೆ ಸ್ಟೇರಿಂಗು ಹಿಡಿಯುವ ಮೊದಲು ತಂಗಿಯ ಫೋನಿಗೆ ನಾಲ್ಕೈದು ದೇವರನ್ನು ಕಳಿಸುತ್ತಿದ್ದ. ಸೋಮವಾರ ವಿರೂಪಾಕ್ಷ, ಮಂಗಳವಾರ ಹುಲಿಗೆಮ್ಮ, ಶನಿವಾರ ಹನುಮಪ್ಪ. ಕೆಲವು ಪಟಗಳಲ್ಲಿ ದೀಪ ಉರಿಯುತ್ತಿತ್ತು, ಕೆಲವುಗಳಲ್ಲಿ ಹೂವು ಉದುರುತ್ತಿತ್ತು. ಒಂದನ್ನೂ ದುರ್ಗಕ್ಕ ಅಳಿಸಿರಲಿಲ್ಲ. ಹಿಂದೊಮ್ಮೆ ಜಾಗ ಸಾಲದೆಂದು ಯಾರೋ ಹೇಳಿದಾಗ ಮೊಮ್ಮಗನ ಫೋಟೊಗಳನ್ನೇ ತೆಗೆಸಿ ದೇವರಿಗೆ ಜಾಗ ಮಾಡಿಕೊಟ್ಟಿದ್ದಳು.

‘ಅಳಿಸಿಬಿಡ್ಲೇನ್ರಿ?’

‘ಏಯ್! ದೇವರನ್ನ ಅಳಿಸ್ತೀಯೇನ? ಕೈ ಬಿದ್ದು ಹೋಗ್ತಾವ!’ ದುರ್ಗಕ್ಕ ಫೋನು ಕಿತ್ತುಕೊಂಡಳು. ಹರಿದ ಕ್ಯಾಲೆಂಡರಿನ ಲಕ್ಷ್ಮಿಯನ್ನು ತಿಪ್ಪೆಗೆ ಹಾಕಲಾರದೆ ಬಸ್ಸು ಹತ್ತಿ ಹಂಪಿಗೆ ಹೋಗಿ ಹೊಳೆಗೆ ಬಿಟ್ಟು ಬಂದ ಹೆಣ್ಣು ಅವಳು. ಗಂಟೆ ಹತ್ತೂ ನಲವತ್ತು. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆಗ ಮುದುಕಮ್ಮನೇ ಮಾತಾಡಿದಳು. ‘ಅಲ್ಲಬೇ ದುರ್ಗಿ, ವರ್ಷಾ ಗಣಪ್ಪನ್ನ ನೀರಿಗೆ ಬಿಡಂಗಿಲ್ಲೇನ? ಅವನ ಮ್ಯಾಲೆ ಸಿಟ್ಟೇನ ನಮಗ? ಹೋಗಿ ಬಾರಪ್ಪ ಅಂತ ಕಳಸ್ತೀವಿ. ಅಂವಾ ಬರಾಕ ವರ್ಷ ಬೇಕು. ನಿಮ್ಮಣ್ಣ ನಾಳೆ ಮುಂಜಾನೇನ ಕಳಸ್ತಾನ!’

ಇದು ದುರ್ಗಕ್ಕನ ತಲೆಗೆ ಹೋಯಿತು. ಚಪ್ಪಲಿ ಬಿಟ್ಟಳು, ಕೆರೆಯಂಗಳದಲ್ಲಿ ಉಳಿದಿದ್ದ ಮೊಣಕಾಲುದ್ದದ ನೀರಿಗೆ ಇಳಿದಳು. ಯಾರದೋ ಬುತ್ತಿಯಿಂದ ಬೆಲ್ಲದ ಚೂರು ಬಂತು. ಅದನ್ನು ಫೋನಿನ ಮುಂದೆ ಹಿಡಿದು ನೀರಿಗೆ ಬಿಟ್ಟಳು. ‘ತಪ್ಪು ತಿಳೀಬ್ಯಾಡ್ರಿ, ಹೋಗಿ ಬರ್ರಿ,’ ಎಂದು ಗಾಯತ್ರಿ ತೋರಿಸಿದ ಕಡೆ ತಾನೇ ಬೆರಳಿಟ್ಟಳು. ಮೂರು ವರ್ಷದ ದೇವರು ಒಂದೇ ಏಟಿಗೆ ಮಾಯ. ದಂಡೆಯ ಮೇಲಿದ್ದ ಹೆಂಗಸರು ಕೈ ಮುಗಿದರು.

ಫೋಟೊ ಆಗಲೂ ಹೋಗಲಿಲ್ಲ.

ಗಾಯತ್ರಿ ಕೆದಕಿ ನೋಡಿ ನಾಲಗೆ ಕಚ್ಚಿಕೊಂಡಳು. ‘ಅಕ್ಕಾರ, ದೇವ್ರು ಪೂರ್ತಿ ಹೋಗಿಲ್ರಿ. ಕಸದ ಬುಟ್ಟ್ಯಾಗ ಅದಾನ.’

‘ಎಲ್ಲಿ?’

‘ಫೋನಿನೊಳಗ ಒಂದು ಕಸದ ಬುಟ್ಟಿ ಇರತೈತ್ರಿ. ಅಳಿಸಿದ್ದು ಒಂದು ತಿಂಗಳು ಅಲ್ಲೇ ಇರತೈತಿ.’

ದುರ್ಗಕ್ಕನ ಮುಖ ಕೆಂಪಗಾಯಿತು. ‘ಹುಲಿಗೆಮ್ಮ ತಾಯಿ ಕಸದ ಬುಟ್ಟ್ಯಾಗ! ಒಂದು ತಿಂಗಳು! ಜಲ್ದಿ ತಗಿ, ಒಂದನ್ನೂ ಬಿಡಬ್ಯಾಡ, ಎಲ್ಲಾ ತಗಿ!’ ಹತ್ತು ನಿಮಿಷದ ಹಿಂದೆ ಮುಟ್ಟಿದರೆ ಕೈ ಬೀಳುತ್ತದೆ ಎಂದವಳೇ ಈಗ ಗಾಯತ್ರಿಯ ಬೆರಳು ಹಿಡಿದು ಒತ್ತಿಸಿದಳು. ಬುಟ್ಟಿ ಖಾಲಿಯಾಯಿತು.

ಹತ್ತೂ ಐವತ್ತಾರು. ‘ನಿಂದರ್ರಿ ಎಲ್ಲಾರೂ! ಮುಖ ಮ್ಯಾಲೆ ಮಾಡ್ರಿ! ಮುದುಕಮ್ಮಾ, ನೀ ಮುಂದ ಬಾ!’ ಹೆಂಗಸರು ಬುಟ್ಟಿ, ಸನಿಕೆ ಬಿಟ್ಟು ಓಡೋಡಿ ಬಂದು ನಿಂತರು. ಕಟಕ್ ಎಂದಿತು. ಬಿಳಿ ಉಂಗುರ ತಿರುಗಿತು, ತಿರುಗಿತು, ಹಸಿರು ಗುರುತು ಮೂಡಿತು.

ಹೋ ಎಂದು ಎಲ್ಲರೂ ಕೂಗಿಕೊಂಡರು. ದುರ್ಗಕ್ಕ ಮಾತ್ರ ಪರದೆಯ ಮೇಲಿನ ಹತ್ತೊಂಬತ್ತು ಮಣ್ಣುಮುಖಗಳನ್ನು ಎರಡು ಸಲ ಎಣಿಸಿದಳು. ಒಬ್ಬರೂ ತಪ್ಪಿರಲಿಲ್ಲ. ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

‘ಯವ್ವಾ, ನಮಗ್ಯಾಕ ನಮಸ್ಕಾರ ಮಾಡ್ತಿ?’ ಎಂದು ಮುದುಕಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ‘ದೇವರೇನ ನಾವು?’

‘ಭಾಳ ಮಾತಾಡಬ್ಯಾಡ,’ ಎಂದಳು ದುರ್ಗಕ್ಕ, ಮೂಗು ಒರೆಸಿಕೊಳ್ಳುತ್ತ. ‘ಮಂಡಿನೋವು ಐತಲ್ಲ, ಕುಂದ್ರು. ನಿನ್ನ ಬುಟ್ಟಿ ಇವತ್ತು ನಾ ಹೊರ್ತೀನಿ.’