ಮೇಲೆ ನೀಲಿ, ಕೆಳಗೆ ಹಸಿರು

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಗಾಜಿನ ಬೀರು ಇದೆ. ಬೇರೆಯವರ ಮನೆಯಲ್ಲಾದರೆ ಅದರಲ್ಲಿ ಬೆಳ್ಳಿ ಲೋಟ, ಪಿಂಗಾಣಿ ಬಟ್ಟಲು ಇರುತ್ತವೆ. ನಮ್ಮದರಲ್ಲಿ ಇರುವುದು ವಾಹನಗಳು. ಮೀನಿನ ಬಾಯಿಯ ಸಬ್‌ಮರೀನು, ಚಕ್ರದ ಬದಲು ಸ್ಪ್ರಿಂಗ್ ಇರುವ ಜೀಪು, ನಿದ್ದೆಗಣ್ಣಿನ ರೋಡ್ ರೋಲರ್, ರೆಕ್ಕೆ ಮಡಚಿ ಕೂತ ಬಸ್ಸು. ಎಲ್ಲವೂ ಹಳೆಯ ಟೀವಿ ಕಾರ್ಟೂನುಗಳಿಂದ ಇಳಿದು ಬಂದವು, ಎಲ್ಲವೂ ಅಂಗೈಯಲ್ಲಿ ಹಿಡಿಸುವಂಥವು. ತುಮಕೂರಿನಲ್ಲಿ ಮೆಡಿಕಲ್ ಶಾಪ್ ನಡೆಸುವ, ನಲವತ್ತು ದಾಟಿದ ಹೆಂಗಸು ಇವನ್ನು ಕೂಡಿಡುತ್ತಾಳೆಂದರೆ ಬಂದವರಿಗೆ ನಂಬಿಕೆ ಬರುವುದಿಲ್ಲ. "ಮಕ್ಕಳದ್ದಾ?" ಎಂದು ಕೇಳುತ್ತಾರೆ. ಮಕ್ಕಳು ಮುಟ್ಟಿದರೆ ಕೈ ಮುರಿಯುತ್ತಾಳೆ ಎಂದು ನನ್ನ ಗಂಡ ಉತ್ತರ ಕೊಡುತ್ತಾರೆ.

ಆದರೆ ಆಯುಧಪೂಜೆಯ ದಿನ ಈ ಮನುಷ್ಯನಿಗೆ ನನಗಿಂತ ಹೆಚ್ಚು ಹುರುಪು. ಸ್ಕೂಟರು, ಫ್ರಿಜ್ಜು, ಮಿಕ್ಸಿ ಮುಗಿದ ಮೇಲೆ ಬೀರು ತೆಗೆದು ನನ್ನ ವಾಹನಗಳನ್ನೆಲ್ಲ ಸಾಲಾಗಿ ನೆಲಕ್ಕಿಳಿಸುತ್ತಾರೆ. ಒಂದೊಂದಕ್ಕೂ ಕಿರುಬೆರಳಿನಿಂದ ಮೂರೆಳೆ ವಿಭೂತಿ, ಒಂದು ಚುಕ್ಕೆ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ವಾಹನವೇ ಮಗುಚಿಕೊಳ್ಳುತ್ತದೆ ಎಂದು ದ್ರಾಕ್ಷಿ ಇಡುತ್ತಾರೆ. ಒಂದು ಸಲ ಆ ಫೋಟೋವನ್ನು ಇಂಥವನ್ನೇ ಕೂಡಿಡುವವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಕೊಂಡ ಗಾಡಿಯನ್ನು ಡಬ್ಬಿಯಿಂದ ಹೊರಗೇ ತೆಗೆಯದ ಆ ಭಕ್ತರು ವಿಭೂತಿ ನೋಡಿ ಬಾಯಿ ಬಡಿದುಕೊಂಡರು. ಬಡಿದುಕೊಳ್ಳಲಿ. ನಮ್ಮನೆ ಗಾಡಿಗೆ ನಾವು ಪೂಜೆ ಮಾಡದೆ ಇನ್ಯಾರು ಮಾಡಬೇಕು?

ಬೀರುವಿನ ನಡು ಅಂಕಣದಲ್ಲಿ ಒಂದು ಜಾಗ ಮೊದಲಿನಿಂದಲೂ ಖಾಲಿ. ಅದು ಒಂದು ಕಾರಿನದು. ನೆತ್ತಿಯ ಮೇಲಿನ ಕೊಡೆ ಬಿಚ್ಚಿಕೊಂಡು ಆಕಾಶಕ್ಕೆ ಏಳುವ ಕಾರು. ಅದು ಬಣ್ಣ ಬದಲಿಸುತ್ತಿತ್ತು. ಮೇಲೇರಿದಂತೆ ನೀಲಿಯಾಗುತ್ತಿತ್ತು, ಇಳಿಯುವಾಗ ನಡುವೆ ಒಂದು ಗಳಿಗೆ ಕೆಂಪಾಗಿ, ನೆಲ ಮುಟ್ಟುವ ಹೊತ್ತಿಗೆ ಹಸಿರು. ಬೇರೆ ವಾಹನಗಳನ್ನೆಲ್ಲ ನಾನು ಕೊಂಡದ್ದು ಇದನ್ನು ಹುಡುಕುವ ದಾರಿಯಲ್ಲಿ.

ಆ ಕಾರನ್ನು ನಾನು ನೋಡಿದ್ದು ಗುಬ್ಬಿಯಲ್ಲಿ. ಅಪ್ಪನಿಗೆ ಆಗ ಅಲ್ಲಿ ಸರ್ಕಾರಿ ಕೆಲಸ. ನಮ್ಮ ಬಾಡಿಗೆ ಮನೆಯ ಎದುರಿಗೆ ಕೊಬ್ಬರಿ ಮಂಡಿಯ ಯಜಮಾನರ ಮನೆ. ಬೀದಿಗೆಲ್ಲ ಟೀವಿ ಇದ್ದದ್ದು ಅಲ್ಲೇ. ಭಾನುವಾರ ಬೆಳಿಗ್ಗೆ ಆ ಮನೆಯ ಬಾಗಿಲಿಗೆ ಅಗುಳಿಯೇ ಇರುತ್ತಿರಲಿಲ್ಲ. ಕೆಂಪು ಗಾರೆಯ ತಣ್ಣನೆ ನೆಲ, ಮೂಲೆಯ ಚೀಲಗಳಿಂದ ಬರುವ ಒಣಕೊಬ್ಬರಿಯ ವಾಸನೆ, ಗವಾಕ್ಷಿಯಿಂದ ಇಳಿದ ಬಿಸಿಲಿನಲ್ಲಿ ಅವಸರವಿಲ್ಲದೆ ತೇಲುವ ದೂಳು. ಅಪ್ಪ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ನಾನು ಅವರ ತೊಡೆಯ ಮೇಲೆ. ಅವರ ಗಡ್ಡದ ಕೂಳೆ ನನ್ನ ನೆತ್ತಿಗೆ ಚುಚ್ಚುತ್ತಿತ್ತು. ಕಾರು ಮೇಲೇರಿದಾಗ ಅವರು "ನೀಲಿ" ಎನ್ನುತ್ತಿದ್ದರು. ಆ ದನಿ ನನಗೆ ಕಿವಿಯಿಂದಲ್ಲ, ಬೆನ್ನಿನಿಂದ ಕೇಳಿಸುತ್ತಿತ್ತು. ಕಾರು ಇಳಿದಾಗ ನಾನು "ಹಸಿರು" ಎನ್ನುತ್ತಿದ್ದೆ. ಈ ಕೂಗಾಟದ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಆಮೇಲೆ ಅಪ್ಪನಿಗೆ ಕುಣಿಗಲ್‌ಗೆ ವರ್ಗವಾಯಿತು. ಅಲ್ಲಿಗೆ ಹೋದ ವರ್ಷವೇ ಕಾಮಾಲೆಯಾಗಿ ತೀರಿಕೊಂಡರು. ನನಗಿನ್ನೂ ಶಾಲೆಗೆ ಸೇರುವ ವಯಸ್ಸಾಗಿರಲಿಲ್ಲ.

ಅಪ್ಪನ ಮಾತು ತೆಗೆದರೆ ಅಮ್ಮ ಈಗಲೂ ಹೇಳುವುದು ಒಂದೇ. "ನಿಂಗೇನೇ ಗೊತ್ತು, ಅಂಗೈ ಅಗಲದ ಕೂಸು ನೀನು. ನಾನು ಹೇಳಿದ್ದನ್ನೇ ನಿಂದು ಅನ್ಕಂಡಿದೀಯ." ಭಾನುವಾರ ಬೆಳಿಗ್ಗೆ ಅಮ್ಮನಿಗೆ ಬಟ್ಟೆ ಒಗೆಯುವ ಕೆಲಸ. ಎದುರು ಮನೆಗೆ ಅವಳು ಟೀವಿ ನೋಡಲು ಬಂದವಳೇ ಅಲ್ಲ. ಹಾಗಾಗಿ ನನ್ನ ಪರವಾಗಿ ಸಾಕ್ಷಿ ಹೇಳಲು ಇದ್ದದ್ದು ಆ ಕಾರು ಮಾತ್ರ. ಅದು ಸಿಕ್ಕರೆ ಅಪ್ಪನ ತೊಡೆಯೂ ನಿಜ, ಚುಚ್ಚುವ ಗಡ್ಡವೂ ನಿಜ. ನನಗೆ ಅಪ್ಪನ ವಿಷಯದಲ್ಲಿ ಸ್ವಂತದ್ದು ಎಂದು ಬೇರೆ ಏನೂ ಇಲ್ಲ.

ಬಣ್ಣ ಬದಲಿಸುವ ಕಾರು ಎಂದರೆ ವಾಟ್ಸಾಪ್ ಗುಂಪಿನವರು ನಗುತ್ತಿದ್ದರು. ಕೊಡೆಯ ಕಾರು ಇದೆ, ಆದರೆ ಅದು ಕೆನೆಬಣ್ಣದ್ದು ಎನ್ನುತ್ತಿದ್ದರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದು ಬೇರೆ ಕಾರು, ನನ್ನದು ಬೇರೆ ಎಂದು ಜಗಳ ಕಾಯುತ್ತಿದ್ದೆ. ಕಳೆದ ವರ್ಷ ಗುಂಪಿನ ಒಬ್ಬರು ಮನೆ ಖಾಲಿ ಮಾಡುತ್ತಿದ್ದೇನೆ, ಕೊಡೆಯ ಕಾರೂ ಸೇರಿದಂತೆ ಕೆಲವನ್ನು ಬೇಕಾದವರಿಗೆ ಕೊಡುತ್ತೇನೆ ಎಂದು ಬರೆದರು. ಅವರಿದ್ದದ್ದು ಕುಣಿಗಲ್‌ನಲ್ಲಿ. ಗಂಡನ ಸ್ಕೂಟರಿನ ಹಿಂದೆ ಕೂತು ಹೊರಟೆ.

ಅವರು ಮೇಜಿನ ಮೇಲೆ ಇಟ್ಟ ಕಾರು ಕೆನೆಬಣ್ಣದ್ದೇ. ಕೊಡೆ, ಉಬ್ಬಿದ ದೀಪ, ಹಿಂದೆ ಗಂಟೆ, ಎಲ್ಲ ಸರಿಯಾಗಿತ್ತು.

"ಇದಲ್ಲ ಸಾರ್, ನಂದು ಬಣ್ಣ ಬದಲಾಯಿಸ್ತಿತ್ತು" ಎಂದೆ.

"ಇದೇ ಮೇಡಂ. ನೋಡಿ ಬೇಕಾದ್ರೆ" ಎಂದು ಅವರು ಫೋನಿನಲ್ಲಿ ಆ ಕಾರ್ಟೂನನ್ನೇ ಹಾಕಿ ನನ್ನ ಮುಂದೆ ಹಿಡಿದರು. ಅದೇ ಹಾಡು. ಅದೇ ಗುಡ್ಡ. ಕೊಡೆ ಬಿಚ್ಚಿತು, ಕಾರು ಮೇಲೆದ್ದಿತು. ಕೆನೆಬಣ್ಣದಲ್ಲೇ ಎದ್ದು ಕೆನೆಬಣ್ಣದಲ್ಲೇ ಇಳಿಯಿತು. ನಾನು ಇನ್ನೊಂದು ಸಲ ಹಾಕಿಸಿದೆ. ಬದಲಾಗಲಿಲ್ಲ.

"ಇಟ್ಕೊಳ್ಳಿ ಮೇಡಂ, ನಿಮಗೇ ಇರ್ಲಿ" ಎಂದು ಅವರು ಕಾರನ್ನು ನನ್ನ ಕೈಗೆ ಕೊಟ್ಟರು. ನನ್ನ ಮುಖ ಹೇಗಿತ್ತೋ ಏನೋ.

ಬರುವಾಗ ದಾರಿಯಲ್ಲಿ ಗಂಡ ನಗಿಸಲು ನೋಡಿದರು. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ..." ಎಂದು ಶುರು ಮಾಡಿ, ಅಪ್ಪ ಹೋದದ್ದು ಯಾವುದರಿಂದ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಅವರ ಮೇಲೆ ಕೋಪ ಬರಲಿಲ್ಲ. ಕೆರೆ ಏರಿಯ ಗಾಳಿಗೆ ಕಣ್ಣು ಉರಿಯುತ್ತಿದೆ ಎಂದುಕೊಂಡು ಅತ್ತೆ. ಅಮ್ಮ ಹೇಳಿದ್ದೇ ಸರಿಯಿರಬೇಕು. ಕಾರು ನನ್ನ ಕಟ್ಟುಕತೆಯಾದರೆ ತೊಡೆಯೂ ಕಟ್ಟುಕತೆ.

ಆ ಕಾರನ್ನು ಬೀರುವಿನಲ್ಲಿ ಇಡಲಿಲ್ಲ. ವ್ಯಾನಿಟಿ ಬ್ಯಾಗಿನಲ್ಲೇ ಉಳಿಯಿತು. ಅಂಗಡಿಯಲ್ಲಿ ಚಿಲ್ಲರೆಗೆ ಕೈ ಹಾಕಿದಾಗಲೆಲ್ಲ ಕೊಡೆ ಬೆರಳಿಗೆ ತಾಗುತ್ತಿತ್ತು.

ಗುಬ್ಬಿ ತುಮಕೂರಿಗೆ ಅರ್ಧ ಗಂಟೆಯ ದಾರಿ. ಅಷ್ಟು ಹತ್ತಿರದ ಊರಿಗೆ ಹೋಗಲು ಯಾವಾಗಲೂ ನಾಳೆ ಇದ್ದೇ ಇರುತ್ತದೆ ಎಂದು ಇಷ್ಟು ಕಾಲ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಭಯ. ಮಂಡಿ ಯಜಮಾನರ ಹೆಂಡತಿ, ಬೀದಿಯ ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, ಇನ್ನೂ ಇದ್ದಾರೆಂದು ಗೊತ್ತಿತ್ತು. "ನಿಮ್ಮಪ್ಪನಾ? ನಮ್ಮನೆಗೆ ಬಂದೋನೇ ಅಲ್ವಲ್ಲ" ಎಂದು ಅವರು ಅಂದುಬಿಟ್ಟರೆ ಮುಂದೆ ಏನು ಉಳಿಯುತ್ತದೆ? ಈಗ ಹೇಗೂ ಏನೂ ಉಳಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಮನೆಯ ಮುಂಭಾಗ ಒಡೆದು ಅಂಗಡಿ ಮಾಡಿದ್ದರು. ಒಳಗೆ ಅದೇ ಕಂಬ, ಅದೇ ನೆಲ. ನಾನು ನೆನೆದದ್ದಕ್ಕಿಂತ ಎಲ್ಲ ಸ್ವಲ್ಪ ಚಿಕ್ಕದು. ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ದೊಡ್ಡಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ಯಾರ ಮಗಳೆಂದು ಹೇಳಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಅಯ್ಯೋ, ಹಸಿರು ಅಂತ ಕೂಗ್ತಿದ್ದಳಲ್ಲ, ಆ ಕೂಸಾ ನೀನು?"

ನಾನು ಅವರ ಪಕ್ಕ ನೆಲದ ಮೇಲೆ ಕುಳಿತೆ.

"ನಿಮ್ಮಪ್ಪ ಆ ಕಂಬಕ್ಕೆ ಒರಗಿ ಕೂತ್ಕಳೋನು, ನೀನು ತೊಡೆ ಮ್ಯಾಲೆ. ಕಾರು ಮ್ಯಾಲಕ್ಕೋದ್ರೆ ಅವ್ನು ನೀಲಿ ಅನ್ನೋನು, ಕೆಳಕ್ಕೆ ಬಂದ್ರೆ ನೀನು ಹಸಿರು ಅನ್ನೋಳು. ನಮ್ಮನೇವ್ರು, ಏನ್ರಯ್ಯಾ ಅಪ್ಪ ಮಗಳು ಮಂಡಿ ಹರಾಜು ಕೂಗ್ತಿದೀರ ಅಂತ ರೇಗ್ಸೋರು."

"ದೊಡ್ಡಮ್ಮ, ಆ ಕಾರಿಗೆ ಬಣ್ಣ ಇತ್ತಾ?" ಎಂದು ಕೇಳಿದೆ.

"ಕಾರಿಗೆಲ್ಲೇ ಬಣ್ಣ! ಅದು ಬ್ಲಾಕ್ ಅಂಡ್ ವೈಟ್ ಟೀವಿ ಕಣೇ. ನಮ್ಮನೇವ್ರು ಅದರ ಮುಂದ್ಕೆ ಒಂದು ಕಲರ್ ಹಾಳೆ ತಂದು ಅಂಟ್ಸಿದ್ರು. ಪ್ಲಾಸ್ಟಿಕ್‌ದು. ಮ್ಯಾಲೆ ನೀಲಿ, ನಡೂಕೆ ಕೆಂಪು, ಕೆಳಗೆ ಹಸಿರು. ಏನು ಹಾಕಿದ್ರೂ ಅಷ್ಟೇ. ವಾರ್ತೆ ಓದೋಳು ದಿನಾ ಹಸಿರು ಸೀರೇನೇ ಉಡ್ತಾಳೆ, ಬೇರೆ ಗತಿ ಇಲ್ವೇನೋ ಪಾಪ ಅಂತ ನಾನು ಮರುಗ್ತಿದ್ದೆ."

ಸೊಸೆ ನಕ್ಕಳು. ನಾನೂ ನಕ್ಕೆ, ಅಳುತ್ತಲೇ. ಲೋಕದಲ್ಲಿ ಎಷ್ಟು ಮಕ್ಕಳು ಆ ಕಾರನ್ನು ನೋಡಿದ್ದರೋ, ಎಲ್ಲರಿಗೂ ಅದು ಕೆನೆಬಣ್ಣದ್ದು. ಆಕಾಶದಲ್ಲಿ ನೀಲಿ, ನೆಲದ ಮೇಲೆ ಹಸಿರು ಆಗಬೇಕಾದರೆ ಈ ನೆಲದ ಮೇಲೆ, ಈ ಟೀವಿಯ ಮುಂದೆ ಕೂತು ನೋಡಿರಲೇಬೇಕು. ಅಮ್ಮ ಇಲ್ಲಿ ಕೂತಿರಲಿಲ್ಲ. ಅವಳು ಹೇಳಿಕೊಟ್ಟ ನೆನಪು ಇದಾಗಲು ಸಾಧ್ಯವಿಲ್ಲ.

"ನೀವು ಕುಣಿಗಲ್‌ಗೆ ಹೋದ್ಮೇಲೆ ಕಲರ್ ಟೀವಿ ಬಂತು, ಹಾಳೆ ಕಿತ್ತಾಕಿದ್ವಿ" ಎಂದರು ದೊಡ್ಡಮ್ಮ.

"ಎಸೆದುಬಿಟ್ರಾ?"

"ಎಸೆಯೋದ್ಯಾಕೆ? ಬಚ್ಚಲುಮನೆ ಕಿಟಕಿಗೆ ಹೊಡ್ದಿದೀನಿ. ಹೊರಗಿಂದ ಕಾಣ್ಬಾರ್ದಲ್ಲ."

ಬಚ್ಚಲುಮನೆಯಲ್ಲಿ ಹಂಡೆಯ ಮೇಲಿನ ಪುಟ್ಟ ಕಿಟಕಿಗೆ ಅದನ್ನು ಮೊಳೆ ಹೊಡೆದು ಕೂರಿಸಿದ್ದರು. ಅಂಚೆಲ್ಲ ಸುಕ್ಕುಗಟ್ಟಿತ್ತು, ಹೊಗೆ ಹಿಡಿದಿತ್ತು. ಬಿಸಿಲು ಬಿದ್ದು ಬಿದ್ದು ಮೇಲಿನ ನೀಲಿ ಪೂರಾ ಹೋಗಿ ಬರೀ ಬಿಳಿ ಉಳಿದಿತ್ತು. ನಡುವಿನ ಕೆಂಪು ಮಾಸಲು. ಗೋಡೆಯ ನೆರಳಿದ್ದ ಕೆಳಭಾಗದಲ್ಲಿ ಮಾತ್ರ ಹಸಿರು ಹಾಗೇ ಇತ್ತು, ನೀರಿನ ಮೇಲೆ ಒಂದು ಪಟ್ಟಿ ಹಸಿರು ಬೆಳಕು ಅಲುಗುತ್ತಿತ್ತು.

ಬ್ಯಾಗಿನಿಂದ ಕಾರನ್ನು ತೆಗೆದೆ. ಕೊಡೆ ಬಿಚ್ಚಿದೆ. ಕಿಟಕಿಯ ಮುಂದೆ ಮೆಲ್ಲಗೆ ಮೇಲಕ್ಕೆತ್ತಿದೆ, ಬಣ್ಣವೆಲ್ಲ ಹೋದ ಪಟ್ಟಿಯವರೆಗೆ. ಅಲ್ಲಿ ನಾನು ಮಾತಾಡಲಿಲ್ಲ, ಅದು ಅಪ್ಪನ ಸರದಿ. ಅವರಿಗೆ ಬೇಕಾದಷ್ಟು ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದೆ. ಆಮೇಲೆ ಕಾರನ್ನು ಕೆಳಗಿಳಿಸಿದೆ. ಹೊರಗೆ ಸೊಪ್ಪು ಬಿಡಿಸುತ್ತಿದ್ದ ದೊಡ್ಡಮ್ಮನಿಗೂ ಕೇಳುವಂತೆ "ಹಸಿರು" ಎಂದು ಕೂಗಿದೆ.